ಮಾಲ್ಗುಡಿ ಮಾತಿನಲ್ಲಿರಲಿ, ಅರಸಾಳು ಫಲಕದಲ್ಲಿರಲಿ

ಕಾವ್ಯ, ಪುರಾಣಗಳ ಊರುಗಳು ನಮ್ಮ ದಿನನಿತ್ಯದ ಮಾತಿನಲ್ಲಿ ನೆಲೆಸಿವೆ. ಅದನ್ನು ನಾವು ಗಮನಿಸುವುದೇ ಇಲ್ಲ. ನನ್ನ ಊರು ಅರಕಲಗೂಡಿನ ಕಡೆ ಆಲೂಗಡ್ಡೆಯ ಬೆಲೆ ಕುಸಿದರೆ ಅದು ‘ಪಾತಾಳ ಕಂಡಿತು’ ಎನ್ನುತ್ತಾರೆ. ಇಕ್ಕಟ್ಟಾದ ಬಾಡಿಗೆ ಮನೆಗೆ ‘ಕಿಷ್ಕಿಂಧೆ’ ಎಂದು ಹೆಸರು. ವರ್ಗಾವಣೆಯ ಆದೇಶಕ್ಕಾಗಿ ಕಾಯುತ್ತ ಅಲ್ಲಿಯೂ ಸಲ್ಲದೆ ಇಲ್ಲಿಯೂ ಸಲ್ಲದೆ ಉಳಿದ ನೌಕರನದು ‘ತ್ರಿಶಂಕು ಸ್ವರ್ಗ’. ರಾಮಾಯಣದ ಕಿಷ್ಕಿಂಧೆ ವಾನರರ ರಾಜಧಾನಿ. ಹಂಪಿಯ ಬಳಿಯ ಆನೆಗೊಂದಿಯ ಪರಿಸರವೇ ಅದೆಂಬ ನಂಬಿಕೆಯೂ ಇದೆ. ಅಂಥ ರಾಜಧಾನಿ ಕನ್ನಡಿಗರ ಬಾಯಲ್ಲಿ ಕಾಲು ಚಾಚಲು ಎಡೆಯಿಲ್ಲದ ಕೋಣೆಯಾಗಿದೆ. ಕಾವ್ಯದಿಂದ ಹೆಸರು ಪಡೆದ ಜನ ಅರ್ಥವನ್ನು ತಮ್ಮ ಅಗತ್ಯಕ್ಕೆ ತಕ್ಕಂತೆ ತಿದ್ದಿಕೊಂಡಿದ್ದಾರೆ.

ಆಧುನಿಕ ಕಾಲದಲ್ಲಿ ಈ ಭಾಗ್ಯ ಪಡೆದ ಊರು ಮಾಲ್ಗುಡಿ. ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯ ಮೂಲಕ 1935ರಲ್ಲಿ ಅದು ಓದುಗರ ಮುಂದೆ ಬಂದಿತು. ಮಲ್ಲೇಶ್ವರ ಮತ್ತು ಬಸವನಗುಡಿಗಳನ್ನು ಕೂಡಿಸಿ ಈ ಹೆಸರನ್ನು ಹೊಸೆದರೆಂಬ ಮಾತು ಪ್ರಚಲಿತವಾಗಿದೆ. ಆದರೆ ನಾರಾಯಣ್ ತಮ್ಮ ಆತ್ಮಕಥೆಯಲ್ಲಿ ಹೇಳಿರುವುದೇ ಬೇರೆ: ಮೊದಲು ಅವರ ಕಲ್ಪನೆಗೆ ಹೊಳೆದದ್ದು ಒಂದು ಪುಟ್ಟ ರೈಲು ನಿಲ್ದಾಣ. 1980ರ ದಶಕದಲ್ಲಿ ಶಂಕರ್ ನಾಗ್ ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಧಾರಾವಾಹಿಯನ್ನು ಚಿತ್ರೀಕರಿಸಿದ ಮೇಲೆ, ರೈಲು ಹಳಿಯೇ ಇಲ್ಲದ ಅರಕಲಗೂಡಿನವರಿಗೂ ಆ ನಿಲ್ದಾಣ ಪರಿಚಿತವಾಯಿತು. ಎಲ್ಲರೂ ಎಲ್ಲರನ್ನೂ ಬಲ್ಲ, ಅವಸರವಿಲ್ಲದ ಊರನ್ನು ಕಂಡರೆ ‘ಮಾಲ್ಗುಡಿಯಂತಿದೆ’ ಎನ್ನುವುದು ನಮಗೆ ಈಗ ಸಹಜ.

ಇಷ್ಟರವರೆಗೆ ಎಲ್ಲವೂ ಸಂತೋಷದ ಸಂಗತಿಯೇ. ಧಾರಾವಾಹಿಯಲ್ಲಿ ಮಾಲ್ಗುಡಿ ನಿಲ್ದಾಣವಾಗಿ ಕಾಣಿಸಿದ್ದು ಶಿವಮೊಗ್ಗ ಜಿಲ್ಲೆಯ ಅರಸಾಳು. ಅಲ್ಲಿನ ಹಳೆಯ ಕಟ್ಟಡವನ್ನು ದುರಸ್ತಿ ಮಾಡಿ ಮಾಲ್ಗುಡಿ ವಸ್ತುಸಂಗ್ರಹಾಲಯ ಮಾಡಿರುವುದು ಒಳ್ಳೆಯ ಕೆಲಸ. ಆದರೆ ನಿಲ್ದಾಣದ ಹೆಸರನ್ನೇ ಬದಲಿಸಬೇಕೆಂಬ ಮಾತೂ ಕೇಳಿಬಂದಿತ್ತು. ನನ್ನ ಆಕ್ಷೇಪವಿರುವುದು ಅದಕ್ಕೆ. ಜೇಮ್ಸ್ ಹಿಲ್ಟನ್ 1933ರ ಕಾದಂಬರಿಯಲ್ಲಿ ಕಲ್ಪಿಸಿದ ‘ಶಾಂಗ್ರಿಲಾ’ದ ಹೆಸರನ್ನು 2001ರಲ್ಲಿ ಚೀನಾ ತನ್ನ ಝೋಂಗ್‌ಡಿಯಾನ್ ಎಂಬ ಪ್ರದೇಶಕ್ಕೆ ಇಟ್ಟಿತು. ಪ್ರವಾಸಿಗರನ್ನು ಸೆಳೆಯುವುದೇ ಅದರ ಉದ್ದೇಶವಾಗಿತ್ತು. ನಮಗೆ ಆ ಮಾದರಿ ಬೇಡ.

ಕಿಷ್ಕಿಂಧೆಯನ್ನು ಮಾತಿಗೆ ತಂದದ್ದು ಯಾವ ಸರಕಾರಿ ಆದೇಶವೂ ಅಲ್ಲ. ಮಾಲ್ಗುಡಿಯೂ ಫಲಕದ ಹಂಗಿಲ್ಲದೆ ಬದುಕಬಲ್ಲದು, ಅರಸಾಳು ಬದುಕಲಾರದು. ಫಲಕದಿಂದ, ಟಿಕೆಟಿನಿಂದ, ದಾಖಲೆಯಿಂದ ಅಳಿಸಿದ ಸಣ್ಣ ಊರಿನ ಹೆಸರು ಒಂದೆರಡು ತಲೆಮಾರಿನಲ್ಲಿ ಮರೆತುಹೋಗುತ್ತದೆ. ಆ ಹೆಸರಿನೊಳಗೂ ಕಥೆಯಿರುತ್ತದೆ. ಅರಕಲಗೂಡು ಎಂಬ ಹೆಸರಿಗೆ ಅರ್ಕೇಶ್ವರನ ಗುಡಿಯೊಂದಿಗೂ ಗೌತಮ ಋಷಿಯ ತಪಸ್ಸಿನೊಂದಿಗೂ ನಂಟು ಹೇಳುವ ಸ್ಥಳಪುರಾಣವಿದೆ. ಅದನ್ನು ಕಟ್ಟಿದ ಅನಾಮಿಕರೂ ಕಥೆಗಾರರೇ.

ವಸ್ತುಸಂಗ್ರಹಾಲಯಕ್ಕೆ, ರೈಲಿಗೆ ಮಾಲ್ಗುಡಿಯ ಹೆಸರಿಡೋಣ. ಊರಿನ ಹೆಸರನ್ನು ಮಾತ್ರ ಊರಿನವರಿಗೇ ಬಿಡೋಣ.