‘ಗುಮ್‌ನಾಮ್’ ಚಿತ್ರದ ಹೆಸರಿಲ್ಲದವರು



ಹಳೆಯ ಹಿಂದಿ ಹಾಡುಗಳನ್ನು ಕೇಳುವ ಮನೆಗಳಲ್ಲಿ ‘ಗುಮ್‌ನಾಮ್’ ಚಿತ್ರದ ಒಂದು ಹಾಡಾದರೂ ಗೊತ್ತಿಲ್ಲದವರು ಕಡಿಮೆ. 1965ರಲ್ಲಿ ಬಂದ ಚಿತ್ರ. ನಿರ್ದೇಶಕರು ರಾಜಾ ನವಾಥೆ, ಸಂಗೀತ ಶಂಕರ್-ಜೈಕಿಶನ್ ಅವರದು. ವಿಮಾನವೊಂದು ಕೆಲವರನ್ನು ಗುರುತು ಪರಿಚಯವಿಲ್ಲದ ಜಾಗದಲ್ಲಿ ಬಿಟ್ಟು ಹಾರಿಹೋಗುತ್ತದೆ. ಅವರಿಗೆ ಸಿಗುವುದು ಒಂದು ದೊಡ್ಡ ಬಂಗಲೆ, ಅದರಲ್ಲಿ ಒಬ್ಬ ಬಟ್ಲರ್. ಆಮೇಲೆ ಒಬ್ಬೊಬ್ಬರಾಗಿ ಸಾಯತೊಡಗುತ್ತಾರೆ. ಎಳೆ ಅಗಾಥಾ ಕ್ರಿಸ್ಟಿ 1939ರಲ್ಲಿ ಬರೆದ ಕಾದಂಬರಿಯದು. ಆದರೆ ಹಿಂದಿ ಚಿತ್ರವಲ್ಲವೇ, ಹೆಣ ಬಿದ್ದ ಮನೆಯಲ್ಲೂ ಹಾಡು ನಿಲ್ಲುವುದಿಲ್ಲ!

ಲುಂಗಿ ಉಟ್ಟ ಬಟ್ಲರ್ ಆಗಿ ಮೆಹಮೂದ್ ಆಡುವ ಹೈದರಾಬಾದಿ ಮಾತು ಆದೋನಿ, ರಾಯಚೂರಿನ ಕಡೆಯವರಿಗೆ ತಮ್ಮ ಸಂತೆಯ ಮಾತಿನಂತೆಯೇ ಕೇಳಿಸೀತು. ಅದಿರಲಿ. ನಮ್ಮ ಮನಸ್ಸು ನಿಲ್ಲುವುದು ಕಿಟ್ಟಿ ಕೆಲ್ಲಿ ಎಂಬ ಪಾತ್ರದ ಮೇಲೆ. ಆ ಪಾತ್ರ ಹೆಲೆನ್ ಅವರದು. ಕಿಟ್ಟಿ ಕುಡಿಯುತ್ತಾಳೆ, ಕುಣಿಯುತ್ತಾಳೆ. ನಾಯಕಿ ನಂದಾ ಅವಳ ಜೊತೆ ಅಮಲಿನಲ್ಲಿ ಹಾಡುವ ಹಾಡೂ ಒಂದಿದೆ. ಆಗಿನ ಹಿಂದಿ ಚಿತ್ರಗಳಲ್ಲಿ ಹೋಟೆಲಿನಲ್ಲಿ ಕುಣಿಯುವ ಹೆಣ್ಣು ಬೇಕೆಂದರೆ ಅವಳಿಗೆ ಕಿಟ್ಟಿ, ರೂಬಿ, ಲಿಲ್ಲಿ ಎಂಬ ಹೆಸರು, ಮೊಣಕಾಲು ಕಾಣುವ ಫ್ರಾಕು, ಕೈಯಲ್ಲಿ ಒಂದು ಗ್ಲಾಸು. ಕ್ರೈಸ್ತರೆಂದರೆ ಇಷ್ಟೇ ಎಂದು ಎಷ್ಟೋ ಮಂದಿ ಪರದೆಯಿಂದಲೇ ಕಲಿತರು. ‘ನಿಮ್ಮ ಮನೆಯಲ್ಲಿ ಹೆಂಗಸರೂ ಕುಡಿಯುತ್ತಾರಂತೆ, ಹೌದೇ?’ ಎಂಬ ಪ್ರಶ್ನೆಯನ್ನು ನಮ್ಮ ಹೆಣ್ಣುಮಕ್ಕಳು ಕಾಲೇಜಿನಲ್ಲಿ ಇಂದಿಗೂ ಕೇಳಿಸಿಕೊಂಡು ಬರುತ್ತಾರೆ. (ನಮ್ಮ ಮನೆಗಳ ಗಂಡಸರು ಕುಡಿಯುವುದಕ್ಕೆ ಮಾತ್ರ ಹಿಂದಿ ಚಿತ್ರವನ್ನು ದೂರುವಂತಿಲ್ಲ, ಬಿಡಿ.)

ಕಿಟ್ಟಿಯ ವೇಷ ಹಾಕಿದ ಹೆಲೆನ್ ಅವರ ಬಾಳು ಎಂಥದ್ದು? 1938ರಲ್ಲಿ ರಂಗೂನಿನಲ್ಲಿ ಹುಟ್ಟಿದ ಮಗು. ಯುದ್ಧಕಾಲದಲ್ಲಿ, 1943ರಲ್ಲಿ, ತಾಯಿಯೊಡನೆ ಕಾಡುದಾರಿಯಲ್ಲಿ ನಡೆದು ಅಸ್ಸಾಮಿಗೆ ಬಂದು ಸೇರಿತು. ಮುಂದೆ ಮುಂಬಯಿಯಲ್ಲಿ ತಾಯಿ ನರ್ಸ್ ಕೆಲಸ ಮಾಡಿದರೂ ಸಂಬಳ ಸಾಲದೆ, ಹುಡುಗಿ ಓದು ಬಿಟ್ಟು ಗುಂಪುನೃತ್ಯಕ್ಕೆ ಸೇರಿದಳು. ಮನೆಯವರ ಹೊಟ್ಟೆ ತುಂಬಿಸಲು ಕುಣಿದವರು ಅವರು. 2009ರಲ್ಲಿ ಪದ್ಮಶ್ರೀ ಬಂತು.

ಇನ್ನು ಪರದೆಯ ಮೇಲೆ ಕಾಣದೇ ಇದ್ದವರು. ಶಂಕರ್-ಜೈಕಿಶನ್ ಅವರಿಗೆ 1950ರ ದಶಕದ ಆರಂಭದಿಂದ ಸುಮಾರು ಎರಡು ದಶಕ ಅರೇಂಜರ್ ಆಗಿದ್ದವರು ಗೋವೆಯ ಸೆಬಾಸ್ಟಿಯನ್ ಡಿಸೋಜ. ದೇಶ ವಿಭಜನೆಗೆ ಮೊದಲು ಲಾಹೋರಿನಲ್ಲಿ ಬ್ಯಾಂಡ್ ನಡೆಸುತ್ತಿದ್ದವರು. ಸಂಗೀತ ನಿರ್ದೇಶಕರು ಹಾರ್ಮೋನಿಯಂ ಮೇಲೆ ರಾಗ ನುಡಿಸಿದರೆ, ಪಿಟೀಲು ಯಾವಾಗ ಏರಬೇಕು, ಚೆಲ್ಲೋ ಕೆಳಗೆ ಏನು ನುಡಿಸಬೇಕು, ತುತ್ತೂರಿ ಎಲ್ಲಿ ಒಳಗೆ ಬರಬೇಕು ಎಂದು ಐದು ಗೆರೆಯ ಸ್ವರಲಿಪಿಯಲ್ಲಿ ಬರೆದುಕೊಡುವುದು ಅರೇಂಜರ್ ಕೆಲಸ. ಅದನ್ನು ನೋಡಿ ನುಡಿಸಬಲ್ಲವರಲ್ಲಿ ಬಹಳ ಮಂದಿ ಗೋವೆಯ ಕ್ರೈಸ್ತರು. ಅವರು ಅದನ್ನು ಕಲಿತದ್ದು ಎಲ್ಲಿ? ಧರ್ಮಕೇಂದ್ರದ ಶಾಲೆಯಲ್ಲಿ. ಬಲಿಪೂಜೆಯ ಹಾಡಿಗೆಂದು ಗಾನವೃಂದದ ಮೇಷ್ಟ್ರು ಬಡವರ ಮಕ್ಕಳಿಗೂ ಸ್ವರ ಓದಲು, ಪಿಟೀಲು ಹಿಡಿಯಲು ಕಲಿಸುತ್ತಿದ್ದರು. ಆ ವಿದ್ಯೆಯೇ ಮುಂಬಯಿಯ ಸ್ಟುಡಿಯೋಗಳಲ್ಲಿ ಅನ್ನವಾಯಿತು.

ಗುಮ್‌ನಾಮ್ ಎಂದರೆ ಹೆಸರಿಲ್ಲದವನು, ಅನಾಮಿಕ. ಆ ಕಾಲದಲ್ಲಿ ವಾದ್ಯಗಾರರ ಹೆಸರು ಪರದೆಯ ಮೇಲೆ ಬರುತ್ತಿದ್ದುದು ಅಪರೂಪ. ಕಿಟ್ಟಿಯ ಹೆಸರು ಊರಿಗೆಲ್ಲ ಗೊತ್ತಾಯಿತು. ಸೆಬಾಸ್ಟಿಯನ್ ಅವರ ಹೆಸರು ನಮ್ಮವರಿಗೇ ಗೊತ್ತಿಲ್ಲ.

ಚಿತ್ರದ ಆರಂಭದ ಕ್ಲಬ್ಬಿನ ಹಾಡನ್ನು ಮನೆಯ ಮಕ್ಕಳಿಗೆ ಕೇಳಿಸಿ. ರಫಿ ಅವರ ದನಿಯ ಹಿಂದೆ ಗಿಟಾರು, ಡ್ರಮ್ಮು, ತುತ್ತೂರಿ ಹೇಗೆ ಓಡುತ್ತವೆ ನೋಡಿ. 2001ರಲ್ಲಿ ‘ಘೋಸ್ಟ್ ವರ್ಲ್ಡ್’ ಎಂಬ ಅಮೆರಿಕದ ಚಿತ್ರ ಶುರುವಾಗುವುದೇ ಈ ಹಾಡಿನಿಂದ. ಗಾನವೃಂದದ ಅಭ್ಯಾಸಕ್ಕೆ ಬಾರದೆ ತಪ್ಪಿಸಿಕೊಳ್ಳುವ ಹುಡುಗರಿಗೆ ಇದನ್ನು ಮೊದಲು ಕೇಳಿಸಿ. ಚಿಕ್ಕವರಿಗೆ ಇಡೀ ಚಿತ್ರ ರಾತ್ರಿ ಹೊತ್ತು ಬೇಡ. ಕೊಲೆಗಾರ ಯಾರೆಂದು ನಮ್ಮನ್ನು ಕೇಳಬೇಡಿ, ಹೇಳುವುದಿಲ್ಲ.