ಹಾಡಿದವರ ಕೂಲಿ ಎಲ್ಲಿ?

ಕಲೆಗೆ ಬೆಲೆ ಕಟ್ಟಲಾಗದು ಎಂಬ ಮಾತನ್ನು ವೇದಿಕೆಯ ಮೇಲೆ ನಿಂತು ಹೇಳುವವರು ಯಾರು ಎಂದು ಗಮನಿಸಿ ನೋಡಿ. ಹಾಡಿದವರು ಹೇಳುವುದಿಲ್ಲ, ಹಾಡಿಸಿಕೊಂಡವರು ಹೇಳುತ್ತಾರೆ. ಬೆಲೆ ಕಟ್ಟಲಾಗದ ಆ ಕಲೆಗೆ ಕಂಪನಿಗಳು ಕಾಸು ಕಾಸಿನ ಲೆಕ್ಕ ಹಾಕಿ ಬೆಲೆ ಕಟ್ಟಿವೆ, ಮಾರಿವೆ, ಗಂಟು ಮಾಡಿಕೊಂಡಿವೆ. ಲೆಕ್ಕಕ್ಕೆ ಸಿಗದೆ ಹೋದದ್ದು ಹಾಡುಗಾರರ ಕೂಲಿ ಮಾತ್ರ.

ಸಾಲೊಮನ್ ಲಿಂಡಾ ಎಂಬ ಜುಲು ಹಾಡುಗಾರನ ಬದುಕನ್ನು ತಿಳಿದ ಮೇಲೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನನ್ನ ಮೈ ಉರಿಯುತ್ತದೆ. ಈತ ದಕ್ಷಿಣ ಆಫ್ರಿಕಾದ ಎಂಸಿಂಗಾ ಸೀಮೆಯವನು. ಹೊಟ್ಟೆಪಾಡಿಗೆ ಜೋಹಾನ್ಸ್‌ಬರ್ಗಿಗೆ ಬಂದ. ಊರಿನ ಗೆಳೆಯರನ್ನು ಸೇರಿಸಿ ಹಾಡುವ ಮೇಳ ಕಟ್ಟಿದ. 1939ರಲ್ಲಿ ಗ್ಯಾಲೋ ಕಂಪನಿಯ ಸ್ಟುಡಿಯೊದಲ್ಲಿ ಸಿಂಹದ ಮೇಲಿನ ಒಂದು ಹಾಡು ಹಾಡಿದ, ಹೆಸರು ‘ಎಂಬೂಬೆ’. ಮೂರನೆಯ ಸಲ ಹಾಡುವಾಗ, ಕೊನೆಯಲ್ಲಿ, ಆ ಗಳಿಗೆಗೆ ಹೊಳೆದ ಕೆಲವು ಸ್ವರಗಳನ್ನು ಮೇಲುದನಿಯಲ್ಲಿ ಎಳೆದ. ಯಾರೂ ಬರೆದುಕೊಟ್ಟದ್ದಲ್ಲ, ಯಾರೂ ಕಲಿಸಿದ್ದಲ್ಲ. ಮುಂದೆ ಲೋಕವೆಲ್ಲ ಗುನುಗಿದ್ದು ಆ ಸ್ವರಗಳನ್ನೇ. ಆಫ್ರಿಕಾದಲ್ಲಿ ಆ ರೆಕಾರ್ಡು ಹತ್ತು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಪ್ರತಿ ಮಾರಾಟವಾಯಿತು. ಹಕ್ಕನ್ನು ಬರೆದುಕೊಟ್ಟದ್ದಕ್ಕೆ ಲಿಂಡಾನಿಗೆ ಸಿಕ್ಕಿದ್ದು ಹತ್ತು ಶಿಲ್ಲಿಂಗ್. ಅದೇ ಕಂಪನಿಯ ಗೋದಾಮಿನಲ್ಲಿ ರೆಕಾರ್ಡುಗಳನ್ನು ಪ್ಯಾಕ್ ಮಾಡುವ ಕೂಲಿಯೂ ಆತನೇ. ಕಂಪನಿ ಅವನ ಗಂಟಲನ್ನೂ ದುಡಿಸಿಕೊಂಡಿತು, ರಟ್ಟೆಯನ್ನೂ ದುಡಿಸಿಕೊಂಡಿತು.

ಆ ರೆಕಾರ್ಡು ಜನಪದ ಸಂಗ್ರಾಹಕ ಅಲನ್ ಲೋಮಾಕ್ಸ್ ಮೂಲಕ ಅಮೆರಿಕದ ಗಾಯಕ ಪೀಟ್ ಸೀಗರ್ ಕೈಸೇರಿತು. ಸೀಗರ್‌ನ ‘ವೀವರ್ಸ್’ ತಂಡ ಅದನ್ನು ಹಾಡಿತು. ಕರ್ತೃವಿನ ಜಾಗದಲ್ಲಿ ‘ಪಾಲ್ ಕ್ಯಾಂಪ್‌ಬೆಲ್’ ಎಂಬ ಹೆಸರು ಬಂತು. ಅಂಥ ಮನುಷ್ಯನೇ ಇರಲಿಲ್ಲ. ವಾರಸುದಾರರಿಲ್ಲವೆಂದು ತಾವೇ ತೀರ್ಮಾನಿಸಿದ ಹಾಡುಗಳಿಂದ ಹಣ ಎತ್ತಲು ಹುಟ್ಟಿಸಿಕೊಂಡ ಹೆಸರು ಅದು. ಬದುಕಿದ್ದ, ಉಸಿರಾಡುತ್ತಿದ್ದ, ರೆಕಾರ್ಡು ಪ್ಯಾಕ್ ಮಾಡುತ್ತಿದ್ದ ಲಿಂಡಾ ಕಾಗದದಲ್ಲಿ ಇಲ್ಲವಾದ. ಹುಟ್ಟಿಯೇ ಇರದ ಕ್ಯಾಂಪ್‌ಬೆಲ್ ಹಕ್ಕುದಾರನಾದ. 1961ರಲ್ಲಿ ‘ಟೋಕನ್ಸ್’ ತಂಡ ಇಂಗ್ಲಿಷ್ ಮಾತು ಸೇರಿಸಿ ಹಾಡಿದ್ದು ಅಮೆರಿಕದ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೆ ಏರಿತು. 1994ರಲ್ಲಿ ಡಿಸ್ನಿಯ ‘ದಿ ಲಯನ್ ಕಿಂಗ್’ ಸಿನಿಮಾಕ್ಕೂ ಅದು ಬಂತು.

ಲಿಂಡಾ 1962ರಲ್ಲಿ ಮೂತ್ರಪಿಂಡದ ಕಾಯಿಲೆಯಿಂದ ಸತ್ತ. ಬ್ಯಾಂಕಿನಲ್ಲಿ ಇಪ್ಪತ್ತೈದು ಡಾಲರಿನಷ್ಟೂ ಇರಲಿಲ್ಲ. ಮಣ್ಣಾದ ಜಾಗಕ್ಕೆ ಒಂದು ಕಲ್ಲು ನೆಡಲು ಹೆಂಡತಿಯ ಕೈಯಲ್ಲಿ ಆಗಲಿಲ್ಲ. ಆ ಕಲ್ಲು ಬರಲು ಹದಿನೆಂಟು ವರ್ಷ ಬೇಕಾಯಿತು. ಆ ಮನೆಯ ಒಂದು ಕೂಸು ಹೊಟ್ಟೆಗಿಲ್ಲದೆ ಸತ್ತಿತ್ತು.

ಸೀಗರ್ ಕೆಟ್ಟವನಲ್ಲ. ಕಾರ್ಮಿಕರ ಪರ, ಕಪ್ಪುಜನರ ಪರ ನಿಂತವನು, ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಗೆಳೆಯರ ಹೆಸರು ಹೇಳಲು ಒಪ್ಪದೆ ಶಿಕ್ಷೆಗೆ ಗುರಿಯಾದವನು. ಲಿಂಡಾನ ವಿಷಯ ತಿಳಿದ ಮೇಲೆ 1000 ಡಾಲರ್ ಕಳಿಸಿದ, ಬರುವ ಹಣವನ್ನು ಅವನಿಗೇ ಕೊಡಿ ಎಂದು ಪ್ರಕಾಶಕರಿಗೆ ಹೇಳಿದ. ನಾನು ಇದನ್ನು ಮರೆಮಾಚುವುದಿಲ್ಲ. ಆದರೆ ಒಬ್ಬನ ಒಳ್ಳೆಯತನ ಇನ್ನೊಬ್ಬನಿಗೆ ಸಲ್ಲಬೇಕಾದ ನ್ಯಾಯದ ಜಾಗದಲ್ಲಿ ಕೂರಲಾರದು. ಹಕ್ಕಿನಿಂದ ಬರಬೇಕಾದದ್ದು ದಾನವಾಗಿ ಬಂದರೆ ಕೊಟ್ಟವನು ದೊಡ್ಡವನಾಗುತ್ತಾನೆ, ಪಡೆದವನು ಕೈಯೊಡ್ಡಿದವನಾಗಿಯೇ ಉಳಿಯುತ್ತಾನೆ. ಇದನ್ನು ಕೇರಿಯಲ್ಲಿ ಹುಟ್ಟಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೊಂದು ಮಾತು ಈ ಎಲ್ಲಕ್ಕಿಂತ ಕಹಿಯಾದದ್ದು. 1911ರ ಬ್ರಿಟಿಷ್ ಸಾಮ್ರಾಜ್ಯದ ಹಕ್ಕುಸ್ವಾಮ್ಯ ಕಾನೂನಿನಲ್ಲಿ ಒಂದು ಕಲಮು ಇತ್ತು. ಬರೆದವನು ಹಕ್ಕನ್ನು ಮಾರಿಕೊಂಡಿದ್ದರೂ, ಅವನು ಸತ್ತ ಇಪ್ಪತ್ತೈದು ವರ್ಷಕ್ಕೆ ಅದು ವಾರಸುದಾರರಿಗೆ ಮರಳಬೇಕು. ಅಂದರೆ ‘ಲಯನ್ ಕಿಂಗ್’ ಬರುವ ಹೊತ್ತಿಗೆ ಆ ಹಾಡು ಜೋಹಾನ್ಸ್‌ಬರ್ಗಿನ ಸೊವೆಟೊ ಬಡಾವಣೆಯ ಬಡ ಮನೆಯಲ್ಲಿದ್ದ ಲಿಂಡಾನ ಹೆಣ್ಣುಮಕ್ಕಳದು. ಅವರಿಗೆ ಹೇಳಿದವರಿಲ್ಲ. 2000ದಲ್ಲಿ ಪತ್ರಕರ್ತ ರಿಯಾನ್ ಮಲಾನ್ ಬರೆದು ಬಯಲಿಗೆಳೆದ ಮೇಲೆ, 2004ರಲ್ಲಿ ದಾವೆ ಹೂಡಿದ ಮೇಲೆ, 2006ರಲ್ಲಿ ರಾಜಿಯಾಯಿತು. ಅಷ್ಟರಲ್ಲಿ ಒಬ್ಬ ಮಗಳು ಏಡ್ಸ್‌ಗೆ ತುತ್ತಾಗಿ ತೀರಿಕೊಂಡಿದ್ದಳು.

‘ಆಫ್ರಿಕಾದ ಜಾನಪದ ಎಂದುಕೊಂಡಿದ್ದೆವು’ ಎಂಬುದು ಇಲ್ಲಿ ಕೇಳಿಬಂದ ಸಮಜಾಯಿಷಿ. ಬಿಳಿಯ ಕುಳಿತು ಪಿಯಾನೊ ಮೇಲೆ ಕಟ್ಟಿದರೆ ಅದಕ್ಕೆ ಕರ್ತೃ ಇರುತ್ತಾನೆ. ಕಪ್ಪು ಮನುಷ್ಯ ಎದೆಯಿಂದ ತೆಗೆದರೆ ಅದು ಮಳೆಯಂತೆ ತಾನಾಗಿ ಬಿದ್ದದ್ದು, ಕೊಡ ಇಟ್ಟವನದು. ಎಲಿಜಬೆತ್ ಕಾಟನ್‌ಳನ್ನು ನೋಡಿ. ಉತ್ತರ ಕೆರೊಲಿನಾದ ಕಪ್ಪು ಹೆಣ್ಣುಮಗಳು, ಎಡಗೈಯವಳು, ಗಿಟಾರನ್ನು ತಲೆಕೆಳಗಾಗಿ ಹಿಡಿದು ತಾನೇ ಕಲಿತವಳು. ‘ಫ್ರೈಟ್ ಟ್ರೇನ್’ ಹಾಡನ್ನು ಕಟ್ಟಿದಾಗ ಇನ್ನೂ ಹುಡುಗಿ. ಆಮೇಲೆ ದಶಕಗಳ ಕಾಲ ಮನೆಗೆಲಸ. ಕೊನೆಗೆ ಕೆಲಸಕ್ಕಿದ್ದದ್ದು ಇದೇ ಸೀಗರ್ ಕುಟುಂಬದ ಮನೆಯಲ್ಲಿ, ಜನಪದ ಹಾಡುಗಳನ್ನು ಹುಡುಕಿ ಕೂಡಿಡುತ್ತಿದ್ದವರ ಅಡುಗೆಮನೆಯಲ್ಲಿ. ಆಕೆಯ ಹಾಡು ಇಂಗ್ಲೆಂಡಿಗೆ ಹೋಗಿ 1957ರಲ್ಲಿ ಬೇರೆಯವರ ಹೆಸರಿನಲ್ಲಿ ಜನಪ್ರಿಯವಾಯಿತು. ತನ್ನ ಹೆಸರು ತನ್ನ ಹಾಡಿಗೆ ಸೇರಲು ಹೋರಾಡಬೇಕಾಯಿತು. ಗ್ರ್ಯಾಮಿ ಪ್ರಶಸ್ತಿ ಬಂದಾಗ ಆಕೆಗೆ ತೊಂಬತ್ತು ದಾಟಿತ್ತು.

ಲೆಡ್ ಬೆಲಿ ಎಂದು ಹೆಸರಾದ ಹಾಡುಗಾರ ಹ್ಯೂಡಿ ಲೆಡ್‌ಬೆಟರ್‌ನನ್ನು ಅಲನ್‌ನ ತಂದೆ ಜಾನ್ ಲೋಮಾಕ್ಸ್ 1933ರಲ್ಲಿ ಲೂಸಿಯಾನದ ಅಂಗೋಲಾ ಜೈಲಿನಲ್ಲಿ ಕಂಡ. ಬಿಡುಗಡೆಯಾದ ಮೇಲೆ ಆತ ಲೋಮಾಕ್ಸ್‌ನ ಕಾರು ಓಡಿಸಿದ, ವಿದ್ವಾಂಸರ ಸಭೆಯಲ್ಲಿ ಹಾಡಿದ. 1935ರ ನ್ಯೂಸ್‌ರೀಲಿಗಾಗಿ ಬಿಡುಗಡೆ ಹೊಂದಿದ ಮನುಷ್ಯನಿಗೆ ಮತ್ತೆ ಕೈದಿಯ ಬಟ್ಟೆ ತೊಡಿಸಿದರು. 1949ರ ಡಿಸೆಂಬರಿನಲ್ಲಿ ಸತ್ತ. ಮರುವರ್ಷವೇ ಅವನ ‘ಗುಡ್‌ನೈಟ್ ಐರೀನ್’ ಅನ್ನು ವೀವರ್ಸ್ ಹಾಡಿದಾಗ ಅದು ಹದಿಮೂರು ವಾರ ಅಮೆರಿಕದ ಮೊದಲ ಹಾಡಾಗಿತ್ತು. ಕರ್ತೃಗಳ ಸಾಲಿನಲ್ಲಿ ಲೋಮಾಕ್ಸ್ ಹೆಸರೂ ಇತ್ತು.

ಇವರದು ಹಳ್ಳಿ ಹಾಡು, ಕಾನೂನು ತಿಳಿಯದವರು ಎನ್ನುವಿರಾದರೆ ನ್ಯೂಯಾರ್ಕಿನ ಜಾಜ್ ಕಲಾವಿದರನ್ನು ನೋಡಿ. 1940ರಿಂದ 1967ರವರೆಗೆ ಅಲ್ಲಿ ಮದ್ಯ ಮಾರುವ ಕ್ಲಬ್ಬಿನಲ್ಲಿ ಹಾಡಬೇಕಾದರೆ, ನುಡಿಸಬೇಕಾದರೆ ಪೊಲೀಸರಿಂದ ‘ಕ್ಯಾಬರೆ ಕಾರ್ಡ್’ ಪಡೆಯಬೇಕಿತ್ತು. ಬೆರಳಚ್ಚು ಕೊಡಬೇಕಿತ್ತು. ಕಾರ್ಡು ಕಿತ್ತುಕೊಂಡರೆ ಅನ್ನವನ್ನೇ ಕಿತ್ತುಕೊಂಡ ಹಾಗೆ. ಜಾಜ್ ಬದುಕಿದ್ದೇ ಕ್ಲಬ್ಬುಗಳಲ್ಲಿ. ಥೆಲೋನಿಯಸ್ ಮಾಂಕ್ ತನ್ನ ಕಾಲದ ಬಹು ದೊಡ್ಡ ಪಿಯಾನೊ ವಾದಕ. 1951ರಿಂದ ಸುಮಾರು ಆರು ವರ್ಷ ಅವನ ಕಾರ್ಡು ಪೊಲೀಸರ ಬಳಿ ಇತ್ತು. ಬೆರಳು ಪಳಗಿ ನಿಂತ ವಯಸ್ಸಿನಲ್ಲಿ ಸ್ವಂತ ಊರಿನ ಕ್ಲಬ್ಬುಗಳು ಅವನಿಗೆ ಮುಚ್ಚಿದ್ದವು. ಹೆಂಡತಿ ನೆಲ್ಲಿ ದುಡಿದು ಮನೆ ನಡೆಸಿದಳು.

ಬಿಲ್ಲಿ ಹಾಲಿಡೇ 1947ರಲ್ಲಿ ಮಾದಕ ವಸ್ತುವಿನ ಪ್ರಕರಣದಲ್ಲಿ ಜೈಲಿಗೆ ಹೋದಳು. ಹೊರಬಂದು 1948ರ ಮಾರ್ಚಿನಲ್ಲಿ ಕಾರ್ನೆಗಿ ಹಾಲ್ ತುಂಬಿಸಿದಳು. ಆ ಮಹಾಸಭಾಂಗಣದಲ್ಲಿ ಹಾಡಬಹುದು, ಕಾರ್ಡು ಕಳೆದುಕೊಂಡವಳು ಬೀದಿಯ ಮೂಲೆಯ ಕ್ಲಬ್ಬಿನಲ್ಲಿ ಹಾಡಿ ದಿನದ ಕೂಲಿ ಗಳಿಸುವಂತಿಲ್ಲ! ಮೈ ಸೋತವಳಿಗೆ ಔಷಧ ಕೊಡಬೇಕಿತ್ತು, ಸರ್ಕಾರ ಉಪವಾಸ ಕೊಟ್ಟಿತು. 1959ರ ಜುಲೈನಲ್ಲಿ ಆಕೆ ಆಸ್ಪತ್ರೆಯ ಹಾಸಿಗೆಯ ಮೇಲೆ ಬಂಧಿತಳಾಗಿಯೇ ಪ್ರಾಣ ಬಿಟ್ಟಳು. ವಯಸ್ಸು 44. ಬ್ಯಾಂಕ್ ಖಾತೆಯಲ್ಲಿದ್ದದ್ದು 70 ಸೆಂಟ್.

ಇದೆಲ್ಲ ದೂರದ ದೇಶದ್ದು ಎನ್ನುವ ಮಾತು ನಮ್ಮಲ್ಲಿ ನಡೆಯುವುದಿಲ್ಲ. ಅಮೆರಿಕದ ಕಪ್ಪುಜನರ ಹೋರಾಟದ ಸಂಘಟನೆ ಬ್ಲ್ಯಾಕ್ ಪ್ಯಾಂಥರ್ಸ್‌ನ ಹೆಸರನ್ನೇ ಎದೆಗಿಟ್ಟುಕೊಂಡು 1972ರಲ್ಲಿ ಮುಂಬೈಯಲ್ಲಿ ದಲಿತ್ ಪ್ಯಾಂಥರ್ಸ್ ಹುಟ್ಟಿತು. ಆ ದಶಕದಲ್ಲೇ ಕರ್ನಾಟಕದ ಬೀದಿಗಳಲ್ಲಿ ಹೋರಾಟದ ಹಾಡಿನ ಜೊತೆ ತಮಟೆ ಎದ್ದು ನಿಂತಿತು. ಹೆಣದ ಮುಂದೆ, ತೇರಿನ ಮುಂದೆ ಬಿಟ್ಟಿ ಬಾರಿಸಬೇಕಾಗಿದ್ದ ತಮಟೆ ಅದು. ಅದನ್ನು ಮೈಲಿಗೆ ಎಂದವರೇ ಅದಿಲ್ಲದೆ ಹಬ್ಬ ಮಾಡಲಾರದೆ ಹೋದರು. 2023ರಲ್ಲಿ ತಮಟೆ ಕಲಾವಿದ ಮುನಿವೆಂಕಟಪ್ಪ ಅವರಿಗೆ ಪದ್ಮಶ್ರೀ ಬಂದಾಗ ನನಗೆ ಹೆಮ್ಮೆಯಾಯಿತು. ಆದರೆ ಒಬ್ಬರ ಎದೆಯ ಮೇಲಿನ ಪದಕ ಸಾವಿರ ಜನರ ಮನೆಯಲ್ಲಿ ಒಲೆ ಹೊತ್ತಿಸುವುದಿಲ್ಲ. ನಮ್ಮ ಸಿನಿಮಾಗಳಲ್ಲಿ, ಕ್ಯಾಸೆಟ್ಟುಗಳಲ್ಲಿ, ಈಗ ಮೊಬೈಲಿನಲ್ಲಿ ಓಡುವ ಹಾಡುಗಳಲ್ಲಿ ‘ಸಾಹಿತ್ಯ: ಜನಪದ’ ಎಂದು ಬರೆದು ಕೈತೊಳೆದುಕೊಳ್ಳುವುದು ಇಂದಿಗೂ ನಡೆದಿದೆ. ಆ ಹಾಡನ್ನು ಮೂರು ತಲೆಮಾರಿನಿಂದ ಕಾಪಾಡಿಕೊಂಡು ಬಂದ ಅಜ್ಜಿಗೆ, ಧ್ವನಿಮುದ್ರಣದ ದಿನ ಬಸ್ ಚಾರ್ಜು, ಒಂದು ಸೀರೆ, ಒಂದು ಫೋಟೊ.

ಲಿಂಡಾನ ಮಕ್ಕಳಿಗೆ ಹೇಳದೆ ಮುಚ್ಚಿಟ್ಟ ಹಾಗೆಯೇ ಇಲ್ಲೂ ಒಂದು ಕಾನೂನು ಯಾರ ಕಿವಿಗೂ ಬೀಳದೆ ಕೂತಿದೆ. ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಗೆ 1994ರಲ್ಲಿ ಪ್ರದರ್ಶಕರ ಹಕ್ಕು ಸೇರಿತು. 2012ರ ತಿದ್ದುಪಡಿ, ಪ್ರದರ್ಶನವನ್ನು ವ್ಯಾಪಾರಕ್ಕೆ ಬಳಸಿದರೆ ಪ್ರದರ್ಶಕರಿಗೆ ರಾಯಧನ ಸಲ್ಲಬೇಕೆಂದು ಹೇಳಿತು. ಪ್ರದರ್ಶಕರೆಂದರೆ ಯಾರು ಎಂಬಲ್ಲಿ ಗಾಯಕರ ಜೊತೆಗೆ ದೊಂಬರಾಟದವರು, ಹಾವಾಡಿಗರು ಕೂಡ ಇದ್ದಾರೆ. ಹಾಡು ಯಾರದೇ ಆಗಿರಲಿ, ಸಾವಿರ ವರ್ಷ ಹಳೆಯದೇ ಇರಲಿ, ಹಾಡಿದ ಗಂಟಲಿಗೆ ಹಕ್ಕಿದೆ. ಅಕಾಡೆಮಿಗಳು, ವಿಶ್ವವಿದ್ಯಾಲಯಗಳು ಮುಂದಿನ ಜಾನಪದ ಮೇಳದ ಶಾಮಿಯಾನಕ್ಕೆ ಖರ್ಚು ಮಾಡುವ ಮೊದಲು ಈ ಕಾಯ್ದೆಯನ್ನು ತಿಳಿಗನ್ನಡದಲ್ಲಿ ಅಚ್ಚು ಹಾಕಿಸಿ ಕೇರಿಗಳಿಗೆ, ಹಟ್ಟಿಗಳಿಗೆ, ಜೋಗತಿಯರ ಮನೆಗಳಿಗೆ ಹೋಗಿ ಓದಿ ಹೇಳಲಿ. ಟೇಪು ಹಿಡಿದು ಬರುವ ಪ್ರತಿಯೊಬ್ಬನೂ ಕರಾರು ತರಲಿ. ಅದು ಓದಿಸಿ ಕೇಳಿದ ಮೇಲಷ್ಟೇ ನಮ್ಮವರು ಹೆಬ್ಬೆಟ್ಟು ಒತ್ತಲಿ.