ಅನ್ನವಿಕ್ಕಿದ ಕೈ, ಮಗುವನ್ನು ಕಸಿದ ಕಾನೂನು

ವಸತಿ ಶಾಲೆಯೆಂದೊಡನೆ ಬಡವರ ಮಕ್ಕಳಿಗೆ ಅನ್ನ, ಅಕ್ಷರ ನೀಡುವ ತಾಣವೆಂಬ ಭಾವನೆಯೇ ನಮ್ಮಲ್ಲಿ ಮೂಡುತ್ತದೆ. ಆದರೆ ಅದು ತಾಯಿಯ ಮಡಿಲಿನಿಂದ ಮಗುವನ್ನು ಕಸಿಯುವ ಸಾಧನವೂ ಆಗಬಲ್ಲದು ಎಂಬುದಕ್ಕೆ ಕೆನಡಾ ಸಾಕ್ಷಿಯಾಗಿದೆ. ಅಲ್ಲಿ ಸರಕಾರದ ಹಣದಿಂದ ಚರ್ಚುಗಳು ನಡೆಸಿದ ಶಾಲೆಗಳಿಗೆ ಸುಮಾರು 1,50,000 ಮೂಲನಿವಾಸಿ ಮಕ್ಕಳನ್ನು ಸೇರಿಸಲಾಯಿತು. ಮನೆಮಾತನ್ನಾಡಿದ ಮಕ್ಕಳಿಗೆ ಶಿಕ್ಷೆ ಕಾದಿರುತ್ತಿತ್ತು. ಸಾವಿರಾರು ಮಕ್ಕಳು ಮನೆಗೆ ಮರಳಲೇ ಇಲ್ಲ. ಇದಕ್ಕಾಗಿ 2008ರಲ್ಲಿ ಅಲ್ಲಿನ ಪ್ರಧಾನಿ, 2022ರಲ್ಲಿ ಪೋಪ್ ಫ್ರಾನ್ಸಿಸ್ ಕ್ಷಮೆ ಯಾಚಿಸಿದರು.

ಇದನ್ನೇ ನೆಪವಾಗಿಸಿಕೊಂಡು ನಮ್ಮ ನಾಡಿನ ಚರ್ಚುಗಳತ್ತ ಬೆರಳು ತೋರುವುದು ನ್ಯಾಯವಲ್ಲ. ಗುಡೂರಿನ ನೆರೆಯ ಗುಳೇದಗುಡ್ಡಕ್ಕೆ ಬಾಸೆಲ್ ಮಿಶನ್ ಬಂದದ್ದು 1851ರಲ್ಲಿ. 1876-78ರ ಭೀಕರ ಬರವು ಈ ಪ್ರದೇಶವಿದ್ದ ಅಂದಿನ ಕಲಾದಗಿ ಜಿಲ್ಲೆಯನ್ನು ಹಿಂಡಿ ಹಾಕಿದಾಗ, ತಬ್ಬಲಿಗಳಾದ ಮಕ್ಕಳಿಗೆ ಮಿಶನ್ ಆಶ್ರಯ ನೀಡಿತು. ಧರ್ಮಪ್ರಚಾರವು ಅದರ ಗುರಿಯಾಗಿತ್ತೆಂಬುದು ಗುಟ್ಟಿನ ಸಂಗತಿಯಲ್ಲ. ಆದರೆ ಅದು ಕನ್ನಡದ ನಾಲಗೆಯನ್ನು ಕತ್ತರಿಸಲಿಲ್ಲ. 1843ರ 'ಮಂಗಳೂರ ಸಮಾಚಾರ', 1894ರ ಕಿಟ್ಟೆಲ್ ನಿಘಂಟು ಇವೆರಡೂ ಆ ಮಿಶನ್‌ನವರ ಕೊಡುಗೆಗಳೇ.

ಹಾಗಾದರೆ ಕೆನಡಾದ ಕಥೆಗೂ ನಮಗೂ ಸಂಬಂಧವೇ ಇಲ್ಲವೇ? ಖಂಡಿತವಾಗಿಯೂ ಇದೆ. 1871ರಲ್ಲಿ ಬ್ರಿಟಿಷರು ಅಪರಾಧಿ ಬುಡಕಟ್ಟುಗಳ ಕಾಯ್ದೆಯನ್ನು ತಂದರು. ಹುಟ್ಟಿದ ಕುಲವೇ ಅಪರಾಧವಾಯಿತು. 1924ರ ಕಾಯ್ದೆಯು ಇಂತಹ ಕುಲಗಳ 6ರಿಂದ 18 ವರ್ಷದೊಳಗಿನ ಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ ಔದ್ಯೋಗಿಕ, ಕೃಷಿ ಅಥವಾ ಸುಧಾರಣಾ ಶಾಲೆಗಳಲ್ಲಿರಿಸುವ ಅಧಿಕಾರವನ್ನು ಸರಕಾರಕ್ಕೆ ನೀಡಿತ್ತು. ಬಿಜಾಪುರ, ಹುಬ್ಬಳ್ಳಿ, ಗದಗಗಳಲ್ಲಿ ವಸಾಹತುಗಳು ತಲೆಯೆತ್ತಿದವು. ದೇಶದ ಹಲವೆಡೆ ಇಂತಹ ವಸಾಹತುಗಳ ಆಡಳಿತವನ್ನು ಮಿಶನರಿಗಳಿಗೇ ಒಪ್ಪಿಸಲಾಯಿತು. 1908ರಲ್ಲಿ ಗೋರಖಪುರದಲ್ಲಿ, ಅನಂತರ ಆಂಧ್ರದ ಸ್ಟುವರ್ಟ್‌ಪುರಂನಲ್ಲಿ ಆ ಹೊಣೆ ಹೊತ್ತದ್ದು ಸಾಲ್ವೇಶನ್ ಆರ್ಮಿ. ಅನ್ನವಿಕ್ಕುವ ಕೈಗೆ ಆಳುವವರು ಬೀಗದ ಕೈಯನ್ನೂ ಕೊಟ್ಟರು. ಸೇವೆಯು ಸೆರೆಯಾದದ್ದು ಹೀಗೆ.

ಆ ಪಟ್ಟಿಯಲ್ಲಿ ಹರಣಶಿಕಾರಿಗಳಿದ್ದರು, ಘಂಟಿಚೋರರಿದ್ದರು, ಮುಸ್ಲಿಮರೇ ಆದ ಛಪ್ಪರಬಂದರೂ ಇದ್ದರು. ಕಾಯ್ದೆಯು 1952ರ ಆಗಸ್ಟ್ 31ರಂದು ರದ್ದಾಯಿತು. ಆದರೆ ಒಂದು ಸಮುದಾಯದ ಹೆಸರಿನಲ್ಲಿಯೇ 'ಚೋರ' ಎಂಬ ಪದ ಇಂದಿಗೂ ಉಳಿದಿದೆ. ಶಾಲೆಯ ಹಾಜರಿ ಪುಸ್ತಕದಲ್ಲಿ ಆ ಜಾತಿಯನ್ನು ಬರೆಸಬೇಕಾದ ಮಗುವಿನ ಮನಸ್ಸು ಏನಾಗಬೇಡ? ಛಪ್ಪರಬಂದರ ಬಗ್ಗೆ ನಮ್ಮ ಸಮುದಾಯವಾದರೂ ಎಷ್ಟು ಯೋಚಿಸಿದೆ?

ವಸತಿ ಶಾಲೆಗಳು ಬೇಡವೆಂಬುದು ನಮ್ಮ ವಾದವಲ್ಲ. ಹುನಗುಂದ, ಬಾದಾಮಿ, ಇಳಕಲ್ಲಿನ ತಾಂಡಾಗಳಿಂದ ಮಂಗಳೂರು, ಗೋವಾಗಳಿಗೆ ಗುಳೆ ಹೋಗುವ ತಂದೆ-ತಾಯಿಗಳಿಗೆ, ಮಕ್ಕಳ ಓದು ನಿಲ್ಲದಂತೆ ನೋಡಿಕೊಳ್ಳಲು ಅವು ಬೇಕೇ ಬೇಕು. ಆದರೆ ನಡೆಸುವವರು ಚರ್ಚಿನವರಿರಲಿ, ಮಠದವರಿರಲಿ, ಮುಸ್ಲಿಮ್ ಸಂಸ್ಥೆಯವರಿರಲಿ, ಸರಕಾರವೇ ಇರಲಿ, ಎಲ್ಲರಿಗೂ ಅನ್ವಯಿಸಬೇಕಾದ ಮಾನದಂಡ ಒಂದೇ: ತಾಯಿ ಬಯಸಿದ ದಿನ ಬಾಗಿಲು ತೆರೆಯುತ್ತದೆಯೇ? ಮಗು ತನ್ನ ಮನೆಮಾತನ್ನು ನಿರ್ಭಯವಾಗಿ ಆಡಬಲ್ಲದೇ? ರಜೆಗೆ ಮನೆಗೆ ಹೋದಾಗ ಅದು ತನ್ನವರ ಬಗ್ಗೆ ನಾಚುತ್ತದೆಯೇ, ಅಭಿಮಾನಪಡುತ್ತದೆಯೇ?

ಕೆನಡಾ ತನ್ನ ಮಕ್ಕಳ ಹೆಸರುಗಳನ್ನು ಹುಡುಕಿ ದಾಖಲಿಸತೊಡಗಿದೆ. ನಮ್ಮ ವಸಾಹತುಗಳಲ್ಲಿ ಬಾಲ್ಯ ಕಳೆದುಕೊಂಡವರ ಹೆಸರುಗಳನ್ನೂ ಕಡತಗಳಿಂದ ಹೊರತೆಗೆಯಬೇಕಾಗಿದೆ. ಇದು ಯಾವುದೇ ಧರ್ಮದ ವಿರುದ್ಧದ ಬೇಡಿಕೆಯಲ್ಲ. ಆ ಮಕ್ಕಳಿಗೆ ಸಲ್ಲಬೇಕಾದ ಕನಿಷ್ಠ ನ್ಯಾಯ.